ಜಿರಳೆ ಜೆಲ್ ಕೆಲಸ ಮಾಡುತ್ತದೆ, ಸ್ಪ್ರೇ ಡಬ್ಬ ಪಕ್ಕಕ್ಕಿಟ್ಟರೆ

ಮೊದಲೇ ಹೇಳಿಬಿಡುತ್ತೇನೆ. ಅಡುಗೆ ಮನೆಯ ಸಣ್ಣ ಜಿರಳೆಗೆ ನಾನು ಬಳಸಿ ನೋಡಿದ್ದರಲ್ಲಿ ಟ್ಯೂಬಿನಲ್ಲಿ ಬರುವ ವಿಷದ ಜೆಲ್‌ನಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಬೇರೆ ಇಲ್ಲ. ಸ್ಪ್ರೇ, ಸೀಮೆಸುಣ್ಣ, ಅಂಟಿನ ರಟ್ಟು ಎಲ್ಲವೂ ಕಣ್ಣಿಗೆ ಬಿದ್ದ ಒಂದಿಷ್ಟನ್ನು ಕೊಲ್ಲುತ್ತವೆ ನಿಜ, ಆದರೆ ಒಳಗೆ ಅಡಗಿ ಕೂತಿರುವುದನ್ನು ತಲುಪುವುದು ಜೆಲ್. ಹಾಗಿದ್ದೂ "ಜೆಲ್ ಹಾಕಿದೆವು, ಏನೂ ಆಗಲಿಲ್ಲ" ಎನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಅವರ ಅಡುಗೆ ಮನೆಗೆ ಹೋಗಿ ನೋಡಿದರೆ ಹೆಚ್ಚಿನ ಸಲ ಟ್ಯೂಬಿನಲ್ಲಿ ತಪ್ಪಿರುವುದಿಲ್ಲ. ಹಾಕಿದ ಜಾಗ ತಪ್ಪಿರುತ್ತದೆ, ಇಲ್ಲವೇ ಅದರ ಪಕ್ಕದಲ್ಲೇ ಸ್ಪ್ರೇ ಹೊಡೆದಿರುತ್ತಾರೆ. ಅದಕ್ಕೇ ಈ ರಿವ್ಯೂನಲ್ಲಿ ಟ್ಯೂಬಿಗಿಂತ ಹಾಕುವ ರೀತಿಯ ಬಗ್ಗೆ ಜಾಸ್ತಿ ಬರೆದಿದ್ದೇನೆ.

ನಿಮ್ಮ ಮನೆಯಲ್ಲಿರುವುದು ಯಾವ ಜಿರಳೆ ಅಂತ ನೋಡಿಕೊಳ್ಳಿ. ಇದು ಮುಖ್ಯ. ಬಚ್ಚಲಿನ ಜಾಲರಿಯಿಂದ ರಾತ್ರಿ ಹೊತ್ತು ಮೇಲೆ ಬರುವ, ಕೆಂಪು ಕಂದು ಬಣ್ಣದ, ಹೆಬ್ಬೆರಳಿನ ಉದ್ದದ ದೊಡ್ಡ ಜಿರಳೆ ಇದೆಯಲ್ಲ, ಅದು ಅಮೆರಿಕನ್ ಜಿರಳೆ. ಅದರ ವಾಸ ಚರಂಡಿ, ಚೇಂಬರ್, ಪೈಪು ಇಳಿಯುವ ಶಾಫ್ಟ್. ಅಲ್ಲಿ ಅದಕ್ಕೆ ಊಟಕ್ಕೆ ಬರವಿಲ್ಲ. ನೀವು ಸಿಂಕಿನ ಕೆಳಗೆ ಹಾಕಿದ ಜೆಲ್ ಹನಿಗೋಸ್ಕರ ಅದು ಕಾದು ಕೂತಿರುವುದಿಲ್ಲ. ಅದಕ್ಕೆ ಬಚ್ಚಲಿಗೆ ಒಳ್ಳೆ ಜಾಲರಿ, ಪೈಪಿನ ಸುತ್ತ ಸಿಮೆಂಟು, ಚೇಂಬರ್ ಮುಚ್ಚಳ ಸರಿ ಮಾಡಿಸುವುದು ಇವೇ ದಾರಿ. ಜೆಲ್‌ಗಾಗಿ ಕೊಟ್ಟ ದುಡ್ಡು ನಿಜವಾಗಿ ಉಪಯೋಗಕ್ಕೆ ಬರುವುದು ಇನ್ನೊಂದು ಜಾತಿಗೆ. ಒಂದೂವರೆ ಸೆಂಟಿಮೀಟರ್ ದಾಟದ, ತಿಳಿ ಕಂದು ಬಣ್ಣದ, ತಲೆಯ ಹಿಂದೆ ಎರಡು ಕಪ್ಪು ಗೆರೆ ಇರುವ ಜಿರಳೆ. ಮಿಕ್ಸಿ ಎತ್ತಿದರೆ ಚದುರಿ ಓಡುವುದು ಇದೇ. ಇದಕ್ಕೆ ಜರ್ಮನ್ ಜಿರಳೆ ಎನ್ನುತ್ತಾರೆ.

ಈ ಸಣ್ಣದರ ವಿಷಯದಲ್ಲಿ ಒಂದು ಒಳ್ಳೆ ಸುದ್ದಿ ಇದೆ. ಅದು ಕಾಡಿನಲ್ಲಿಲ್ಲ, ತೋಟದಲ್ಲಿಲ್ಲ, ಮನುಷ್ಯನ ಕಟ್ಟಡದ ಒಳಗೆ ಮಾತ್ರ ಬದುಕುತ್ತದೆ. 2024ರಲ್ಲಿ ಪ್ರಕಟವಾದ ಜೀನ್ ಅಧ್ಯಯನವೊಂದರ ಪ್ರಕಾರ ಇದು ಏಷ್ಯಾದ ಕಾಡು ಜಿರಳೆಯೊಂದರಿಂದ ಸುಮಾರು 2,100 ವರ್ಷಗಳ ಹಿಂದೆ ಕವಲೊಡೆದು, ಭಾರತ ಅಥವಾ ಮ್ಯಾನ್ಮಾರ್ ಕಡೆಯ ಜನವಸತಿಗೆ ಒಗ್ಗಿಕೊಂಡು, ಆಮೇಲೆ ಜಗತ್ತಿಗೆಲ್ಲ ಹರಡಿತು. ಅಂದರೆ ನಿಮ್ಮ ಮನೆಯಲ್ಲಿ ಇದು ಪೂರ್ತಿ ಹೋದರೆ ಅಂಗಳದಿಂದ ಹೊಸದು ನಡೆದುಕೊಂಡು ಬರುವುದಿಲ್ಲ. ರಟ್ಟಿನ ಡಬ್ಬ, ದಿನಸಿ ಚೀಲ, ಸೆಕೆಂಡ್ ಹ್ಯಾಂಡ್ ಫ್ರಿಜ್, ಇಲ್ಲವೇ ಪಕ್ಕದ ಮನೆ, ಇಷ್ಟೇ ಬರುವ ದಾರಿ. ಆದ್ದರಿಂದ ಪೂರ್ತಿ ಹೋಗಲಾಡಿಸುವುದು ಸಾಧ್ಯವಿರುವ ಕೆಲಸ. ಜಿರಳೆ ಅಂದ ಮೇಲೆ ಇದ್ದೇ ಇರುತ್ತದೆ ಅಂತ ಕೈ ಚೆಲ್ಲಬೇಕಾಗಿಲ್ಲ.

ಜೆಲ್ ಅಂದರೆ ಏನು ಅಂತ ಒಂದು ಮಾತು. ಅದು ಊಟ. ಸಿಹಿ, ಪಿಷ್ಟ, ಕೊಬ್ಬು ಇಂಥವನ್ನು ಕಲಸಿ, ಅದರಲ್ಲಿ ಚೂರೇ ಚೂರು ವಿಷ ಬೆರೆಸಿರುತ್ತಾರೆ. ಎಷ್ಟು ಚೂರು ಅಂದರೆ ಫಿಪ್ರೊನಿಲ್ ಎಂಬ ವಿಷ ಇರುವ ಜೆಲ್‌ಗಳಲ್ಲಿ ಸಾಮಾನ್ಯವಾಗಿ ಶೇಕಡಾ 0.05. ಇಂಡಾಕ್ಸಾಕಾರ್ಬ್ ಇರುವ ಅಡ್ವಿಯಾನ್ ಎಂಬ ಜೆಲ್‌ನಲ್ಲಿ ಶೇಕಡಾ 0.6. ಇಮಿಡಾಕ್ಲೋಪ್ರಿಡ್ ಇರುವ ಜೆಲ್‌ಗಳಲ್ಲಿ ಶೇಕಡಾ 2.15. ತಿಂದ ತಕ್ಷಣ ಜಿರಳೆ ಬಿದ್ದು ಸಾಯಬಾರದು, ಅದೇ ಇದರ ಉಪಾಯ. ತಿಂದದ್ದು ತನ್ನ ಸಂದಿಗೆ ವಾಪಸ್ ಹೋಗಬೇಕು. ಅಲ್ಲಿ ಅದರ ಹಿಕ್ಕೆಯನ್ನು ಮರಿಗಳು ತಿನ್ನುತ್ತವೆ, ಸತ್ತ ಮೇಲೆ ಹೆಣವನ್ನೂ ಬೇರೆಯವು ತಿನ್ನುತ್ತವೆ. ಹೀಗೆ ಒಂದು ಹನಿಯ ವಿಷ ನಮ್ಮ ಕೈ ಹೋಗದ ಜಾಗದವರೆಗೆ ತಲುಪುತ್ತದೆ. ಇಂಡಾಕ್ಸಾಕಾರ್ಬ್ ಇನ್ನೊಂದು ಹೆಜ್ಜೆ ಮುಂದೆ. ಅದು ಜಿರಳೆಯ ಹೊಟ್ಟೆಯೊಳಗೆ ಹೋಗಿ ಬದಲಾದ ಮೇಲೆಯೇ ಪೂರ್ತಿ ವಿಷವಾಗುತ್ತದೆ.

ಜೆಲ್ ಹಾಕಿದ ರಾತ್ರಿ ಲೈಟ್ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡಿ. ಕೆಂಪು ಪ್ಲಾಸ್ಟಿಕ್ ಕಾಗದವನ್ನು ಟಾರ್ಚಿಗೆ ಸುತ್ತಿಕೊಂಡರೆ ಇನ್ನೂ ಒಳ್ಳೆಯದು, ಅವು ಕೆಂಪು ಬೆಳಕಿಗೆ ಅಷ್ಟಾಗಿ ಬೆದರುವುದಿಲ್ಲ. ಕಪಾಟಿನ ಕೀಲಿನ ಸಂದಿಯಿಂದ ಮೊದಲು ಎರಡು ಮೀಸೆ ಹೊರಗೆ ಬರುತ್ತವೆ. ಒಂದಷ್ಟು ಹೊತ್ತು ಆ ಕಡೆ ಈ ಕಡೆ ಆಡುತ್ತವೆ. ಆಮೇಲೆ ಜಿರಳೆ ಹನಿಯ ಹತ್ತಿರ ಬಂದು, ಮೀಸೆ ಸೋಕಿಸಿ, ತಲೆ ತಗ್ಗಿಸಿ ಅಲ್ಲೇ ನಿಂತುಬಿಡುತ್ತದೆ. ತಿಂದು ಮುಗಿಸಿ ಬಂದ ದಾರಿಯಲ್ಲೇ ವಾಪಸ್. ಇದನ್ನು ಕಣ್ಣಾರೆ ಕಂಡರೆ ಯಾವ ಜಾಗದಲ್ಲಿ ಹನಿ ಹಾಕಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಗೋದ್ರೆಜ್‌ನ ಹಿಟ್ ಆಂಟಿ ರೋಚ್ ಜೆಲ್. ಸೂಪರ್ ಮಾರ್ಕೆಟ್‌ನಲ್ಲೂ ಇರುತ್ತದೆ, ಬೀದಿ ಕೊನೆಯ ಪ್ರಾವಿಷನ್ ಸ್ಟೋರ್‌ನಲ್ಲೂ ಇರುತ್ತದೆ. ಒಂದು ಅಡುಗೆ ಮನೆಗೆ, ಜಿರಳೆ ವಿಪರೀತ ಆಗದೆ ಇದ್ದರೆ, ಇದು ಸಾಕು. ವೃತ್ತಿಪರರು ಬಳಸುವವುಗಳಲ್ಲಿ ನಾನು ಕೈಯಾರೆ ಬಳಸಿರುವುದು ಫಿಪ್ರೊನಿಲ್ ಇರುವ ಮ್ಯಾಕ್ಸ್‌ಫೋರ್ಸ್ ಫೋರ್ಟೆ ಮತ್ತು ಸಿಂಜೆಂಟಾದ ಅಡ್ವಿಯಾನ್. ಅಡ್ವಿಯಾನ್ ಬೆಲೆ ಜಾಸ್ತಿ, ಆದರೆ ಸಿರಿಂಜ್ ಥರದ ಟ್ಯೂಬು ಮತ್ತು ಸಣ್ಣ ಮೂತಿ ಇರುವುದರಿಂದ ಸಂದಿಗೆ ತೂರಿಸಿ ಹಾಕುವುದು ಬಹಳ ಸಲೀಸು, ಒಂದು ಟ್ಯೂಬು ತುಂಬಾ ದಿನ ಬರುತ್ತದೆ. ಜಿರಳೆ ಮನೆ ಪೂರ್ತಿ ಹಬ್ಬಿದ್ದರೆ, ಹಗಲಲ್ಲೇ ಗೋಡೆ ಮೇಲೆ ಓಡಾಡುತ್ತಿದ್ದರೆ, ನಾನು ಯೋಚನೆ ಮಾಡದೆ ಅಡ್ವಿಯಾನ್ ಎನ್ನುತ್ತೇನೆ. ಹಗಲಲ್ಲಿ ಕಾಣಿಸಿಕೊಂಡರೆ ಸಂದಿಯಲ್ಲಿ ಜಾಗ ಸಾಲದಷ್ಟು ತುಂಬಿವೆ ಅಂತ ಅರ್ಥ.

ಯಾವುದೇ ಟ್ಯೂಬು ತಗೊಳ್ಳಿ, ಹಿಂಭಾಗ ಓದಿ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಇಂಥ ವಸ್ತುವಿಗೆ ನೋಂದಣಿ ಇರಬೇಕು, ವಿಷದ ಮಟ್ಟ ತೋರಿಸುವ ಬಣ್ಣದ ಗುರುತು ಇರಬೇಕು. ಕೆಂಪು ಅತಿ ಹೆಚ್ಚು, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಅಂದರೆ ಹಸಿರು. ಆನ್‌ಲೈನಿನಲ್ಲಿ ಒಂದು ಸಲ ನನಗೆ ಬಂದ ಟ್ಯೂಬಿನಲ್ಲಿ ನೋಂದಣಿ ಸಂಖ್ಯೆಯೂ ಇಲ್ಲ, ಅವಧಿ ಮುಗಿಯುವ ದಿನವೂ ಇಲ್ಲ, ಮೂತಿ ತೆಗೆದರೆ ಒಳಗಿನ ಜೆಲ್ ಗಟ್ಟಿಯಾಗಿ ಹೊರಗೇ ಬರಲಿಲ್ಲ. ವಾಪಸ್ ಕಳಿಸಿದೆ. ಅರ್ಧ ಬೆಲೆ ಅಂತ ಆಸೆ ಬೀಳಬೇಡಿ. ಒಣಗಿದ ಜೆಲ್ ಜಿರಳೆ ಮುಟ್ಟುವುದಿಲ್ಲ.

ಈಗ ಹಾಕುವ ವಿಷಯ. ಹನಿ ಸಾಸಿವೆಗಿಂತ ದೊಡ್ಡದು, ಹೆಸರುಕಾಳಿಗಿಂತ ಸಣ್ಣದು ಇದ್ದರೆ ಸರಿ. ಉದ್ದ ಗೆರೆ ಎಳೆಯುವುದು, ಟೂತ್‌ಪೇಸ್ಟ್ ಥರ ಹಿಂಡುವುದು ಸುಮ್ನೆ ದಂಡ. ಒಂದು ಜಿರಳೆ ತಿನ್ನುವುದು ತುಂಬಾ ಸ್ವಲ್ಪ. ಆದರೆ ಅದು ಊಟ ಹುಡುಕಿ ದೂರ ಹೋಗುವುದಿಲ್ಲ. ಅಡಗುವ ಜಾಗದಿಂದ ಒಂದೆರಡು ಅಡಿಯೊಳಗೆ ಏನು ಸಿಗುತ್ತದೋ ಅದನ್ನು ತಿಂದು ವಾಪಸ್ ಹೋಗುತ್ತದೆ, ಮರಿಗಳಂತೂ ಅಷ್ಟು ದೂರವೂ ಬರುವುದಿಲ್ಲ. ಹಾಗಾಗಿ ಒಂದೇ ಕಡೆ ಹತ್ತು ಹನಿಯಷ್ಟು ಸುರಿಯುವ ಬದಲು ಹತ್ತು ಕಡೆ ಒಂದೊಂದು ಹನಿ ಹಾಕಿ.

ಯಾವ ಹತ್ತು ಕಡೆ ಅಂತ ಅವೇ ತೋರಿಸುತ್ತವೆ. ಕಪಾಟಿನ ಮೂಲೆಯಲ್ಲಿ, ಕೀಲಿನ ಸುತ್ತ, ಕಾಫಿ ಪುಡಿ ಉದುರಿದ ಹಾಗೆ ಕಪ್ಪು ಚುಕ್ಕೆಗಳು ಕಾಣಿಸುತ್ತವೆ. ಅದು ಹಿಕ್ಕೆ. ಅದರ ವಾಸನೆಗೇ ಉಳಿದ ಜಿರಳೆಗಳು ಅಲ್ಲಿ ಬಂದು ಸೇರುತ್ತವೆ. ಚುಕ್ಕೆ ಎಲ್ಲಿ ದಟ್ಟವಾಗಿದೆಯೋ ಅದರ ಪಕ್ಕದಲ್ಲೇ ಹನಿ. ನಮ್ಮ ಕಡೆ ಅಡುಗೆ ಮನೆಗಳಲ್ಲಿ ಕಡಪ ಕಲ್ಲಿನ ಅರೆ ಗೋಡೆಗೆ ಸೇರುವ ಜಾಗದಲ್ಲಿ ಸಣ್ಣ ಬಿರುಕು ಇದ್ದೇ ಇರುತ್ತದೆ, ಮೇಲಿನಿಂದ ಕಾಣುವುದಿಲ್ಲ, ಕೆಳಗೆ ಕೂತು ಕತ್ತೆತ್ತಿ ನೋಡಬೇಕು. ಗ್ರಾನೈಟ್ ಕಟ್ಟೆಯ ಕೆಳ ಅಂಚು, ಸಿಂಕಿನ ಬಟ್ಟಲಿನ ಹೊರಮೈ ಕಲ್ಲಿಗೆ ತಾಗುವಲ್ಲಿ, ಮಾಡ್ಯುಲರ್ ಕಿಚನ್ ಆದರೆ ಡ್ರಾಯರ್ ಜಾರುವ ಕಂಬಿಯ ಹಿಂದೆ, ಬಾಗಿಲ ಕೀಲಿನ ಬಟ್ಟಲಿನಲ್ಲಿ. ಫ್ರಿಜ್ ಹಿಂದೆ ಮೋಟರಿನ ಪಕ್ಕದ ಚೌಕಟ್ಟಿಗೆ ಹಾಕಿ, ಬಿಸಿಯಾಗುವ ಮೋಟರಿನ ಮೇಲೇ ಹಾಕಿದರೆ ಕರಗಿ ಇಳಿಯುತ್ತದೆ. ವಾಟರ್ ಫಿಲ್ಟರ್ ಗೋಡೆಗೆ ನೇತುಹಾಕಿದ್ದರೆ ಅದರ ಬೆನ್ನ ಹಿಂದೆ ನೋಡಿ, ಬೆಚ್ಚಗೆ, ತೇವ, ಕತ್ತಲೆ, ಅವಕ್ಕೆ ಇನ್ನೇನು ಬೇಕು ಅಲ್ವಾ? ಮಿಕ್ಸಿ ಮತ್ತು ವೆಟ್ ಗ್ರೈಂಡರ್ ತಳಭಾಗ ತಿರುಗಿಸಿ ನೋಡಿದರೆ ಗಾಳಿ ಕಿಂಡಿಯ ಒಳಗೆ ಒಣಗಿದ ದೋಸೆ ಹಿಟ್ಟು, ಮರಿಗಳ ಪೊರೆ, ಖಾಲಿ ಮೊಟ್ಟೆ ಚೀಲ ಎಲ್ಲ ಒಟ್ಟಿಗೆ ಸಿಗುತ್ತವೆ. ಅಲ್ಲಿ ಪ್ಲಗ್ ತೆಗೆದು ಒಣ ಬ್ರಷ್‌ನಲ್ಲಿ ಚೊಕ್ಕ ಮಾಡಿ, ಹನಿಯನ್ನು ಮಿಕ್ಸಿ ಒಳಗೆ ಹಾಕದೆ ಅದು ಕೂರುವ ಜಾಗದ ಹಿಂದಿನ ಗೋಡೆ ಸಂದಿಗೆ ಹಾಕುವುದು ನನ್ನ ಪದ್ಧತಿ. ದೇವರ ಮನೆ ಮರೆಯಬೇಡಿ. ಸಕ್ಕರೆ, ಕೊಬ್ಬರಿ, ದೀಪದ ಎಣ್ಣೆ ಎಲ್ಲ ಅಲ್ಲಿರುತ್ತದೆ. ಮರದ ಮಂಟಪದ ಹಿಂಬದಿ ಯಾರೂ ನೋಡುವುದೇ ಇಲ್ಲ.

ಬಾಡಿಗೆ ಮನೆಯವರಿಗೆ ಒಂದು ಉಪಾಯ. ಹಳೆ ವಿಸಿಟಿಂಗ್ ಕಾರ್ಡನ್ನು ಸಣ್ಣ ಚೂರು ಮಾಡಿ, ಅದರ ಮೇಲೆ ಹನಿ ಹಾಕಿ, ಹಿಂದೆ ಡಬಲ್ ಟೇಪ್ ಅಂಟಿಸಿ ಸಂದಿಯಲ್ಲಿ ಕೂರಿಸಿ. ಗೋಡೆ, ಮರ ಕಲೆಯಾಗುವುದಿಲ್ಲ. ತಿಂದಿವೆಯೋ ಇಲ್ಲವೋ ತೆಗೆದು ನೋಡಬಹುದು, ಒಣಗಿದ್ದರೆ ಬದಲಾಯಿಸಬಹುದು, ಮನೆ ಬಿಡುವಾಗ ಎಲ್ಲ ಕಿತ್ತುಕೊಂಡು ಹೋಗಬಹುದು.

ಜೆಲ್ ಹಾಕುವ ಮೊದಲು ಜಾಗ ಒರೆಸಬೇಕು. ಎಣ್ಣೆ ಜಿಡ್ಡಿನ ಮೇಲೆ ಹನಿ ನಿಲ್ಲುವುದಿಲ್ಲ, ಧೂಳಿನ ಮೇಲೆ ಹಾಕಿದರೆ ಧೂಳಿನ ಸಮೇತ ಉದುರುತ್ತದೆ. ಸೋಪಿನ ನೀರಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ. ಗಾಟು ವಾಸನೆಯ ಫಿನಾಯಿಲ್ ಆ ಜಾಗಕ್ಕೆ ಬೇಡ. ಒಲೆ ಹಿಂದಿನ ಒಗ್ಗರಣೆ ಎಣ್ಣೆ, ಡಬ್ಬದ ತಳದಲ್ಲಿ ಅಂಟಿದ ಬೆಲ್ಲ, ರಾತ್ರಿ ಸಿಂಕಿನಲ್ಲಿ ಬಿಟ್ಟ ತಟ್ಟೆ, ಇವೆಲ್ಲ ನಿಮ್ಮ ಜೆಲ್ ಜೊತೆ ಪೈಪೋಟಿಗೆ ನಿಲ್ಲುವ ಊಟ. ಮನೆಯಲ್ಲಿ ಅನ್ನ ಸಾರು ಬಡಿಸಿಟ್ಟಿದ್ದರೆ ಜೆಲ್ ಯಾಕೆ ತಿನ್ನಬೇಕು? ಸೋರುವ ನಲ್ಲಿಯನ್ನೂ ರಿಪೇರಿ ಮಾಡಿಸಿ. ಊಟವಿಲ್ಲದೆ ಈ ಜಿರಳೆ ವಾರಗಟ್ಟಲೆ ತಳ್ಳುತ್ತದೆ, ನೀರಿಲ್ಲದೆ ಎರಡು ವಾರ ತಳ್ಳುವುದೂ ಕಷ್ಟ.

ಸ್ಪ್ರೇ ವಿಷಯ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಅಂಗಡಿಯ ಸ್ಪ್ರೇಗಳಲ್ಲಿ, ಸೀಮೆಸುಣ್ಣದಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯ್ಡ್ ಜಾತಿಯ ವಿಷ. ಅದು ತಾಗಿದ ಜಿರಳೆ ಬೀಳುತ್ತದೆ, ತಾಗದವು ಆ ಜಾಗ ಬಿಟ್ಟು ಗೋಡೆಯ ಇನ್ನೂ ಒಳಗೆ, ಪಕ್ಕದ ರೂಮಿಗೆ ಹೋಗುತ್ತವೆ. ಹನಿಯ ಮೇಲೆ ಸ್ಪ್ರೇ ಬಿದ್ದರೆ ಆ ಹನಿ ಮುಗಿದ ಹಾಗೆ, ಒಂದೂ ತಿನ್ನುವುದಿಲ್ಲ. ಒಂದು ಕಡೆ ಕರೆದು ಊಟ ಹಾಕಿ ಇನ್ನೊಂದು ಕಡೆ ಓಡಿಸಿದರೆ ಏನು ಪ್ರಯೋಜನ? ದುಡ್ಡು ತಗೊಂಡು ಮನೆಗೆ ಬರುವವರೂ ಇದನ್ನೇ ಮಾಡುತ್ತಾರೆ. ನಮ್ಮ ಮನೆಗೆ ಕರೆಸಿದ್ದ ಒಂದು ಸರ್ವಿಸಿನವರು ಸಾವಿರದ ಮೇಲೆ ಬಿಲ್ ಮಾಡಿ, ಕಟ್ಟೆಯ ಮೇಲೆ ಕಾಣುವ ಹಾಗೆ ನಾಲ್ಕು ದಪ್ಪ ಉಂಡೆ ಜೆಲ್ ಇಟ್ಟು, ಮರುಕ್ಷಣವೇ ಸಿಂಕಿನ ಕೆಳಗೆ ಪಂಪಿನಿಂದ ಔಷಧಿ ಹೊಡೆದು, ಹತ್ತು ನಿಮಿಷದಲ್ಲಿ ಹೊರಟರು. ಕಪಾಟಿನ ಒಂದು ಬಾಗಿಲೂ ತೆಗೆದು ನೋಡಲಿಲ್ಲ. ಹರ್ಬಲ್, ವಾಸನೆ ಇಲ್ಲ ಅಂತ ಹೇಳಿದ್ದರು, ಯಾವ ಔಷಧಿ ಅಂತ ಕೇಳಿದರೆ ಉತ್ತರ ಇಲ್ಲ. ಸರ್ವಿಸ್ ಕರೆಸುವುದಾದರೆ ಔಷಧಿಯ ಹೆಸರು ಕೇಳಿ, ಟ್ಯೂಬು ತೋರಿಸಿ ಅನ್ನಿ, ಅಡುಗೆ ಮನೆಗೆ ಜೆಲ್ ಮಾತ್ರ ಸಾಕು ಅಂತ ಖಡಾಖಂಡಿತವಾಗಿ ಹೇಳಿ. ಟಾರ್ಚ್ ಹಿಡಿದು, ಮಂಡಿಯೂರಿ ಕೂತು, ಒಂದೊಂದು ಕೀಲಿಗೂ ಚುಕ್ಕೆ ಇಡುವವರು ಸಿಕ್ಕರೆ ಅವರಿಗೆ ಕೊಟ್ಟ ದುಡ್ಡು ಸಾರ್ಥಕ.

ಮೊದಲೇ ಸ್ಪ್ರೇ ಹೊಡೆದಿದ್ದರೆ ಆ ಜಾಗವನ್ನು ಸೋಪಿನ ನೀರಲ್ಲಿ ಚೆನ್ನಾಗಿ ಒರೆಸಿ, ಕೆಲವು ದಿನ ಬಿಟ್ಟು, ಸ್ಪ್ರೇ ಬೀಳದ ಸಂದಿಗಳಿಂದ ಜೆಲ್ ಶುರು ಮಾಡಿ.

ಹಾಕಿದ ಮಾರನೇ ದಿನ, ಮೂರನೇ ದಿನ ಅಡುಗೆ ಮನೆ ನೆಲದಲ್ಲಿ ತಿರುಗಿ ಬಿದ್ದ ಜಿರಳೆ ಕಾಣಿಸುತ್ತವೆ, ಕೆಲವು ಹಗಲಲ್ಲೇ ತೂರಾಡುತ್ತಾ ಹೊರಗೆ ಬರುತ್ತವೆ. ಗಾಬರಿ ಬೇಡ, ಜೆಲ್ ಕೆಲಸ ಮಾಡುತ್ತಿರುವುದರ ಗುರುತು ಅದು. ಆಗ ಸ್ಪ್ರೇ ಡಬ್ಬಕ್ಕೆ ಕೈ ಹಾಕಬೇಡಿ, ಗುಡಿಸಿ ತೆಗೆಯಿರಿ. ಒಂದೆರಡು ವಾರಕ್ಕೆ ಮನೆ ಶಾಂತವಾಗುತ್ತದೆ, ಜನ ಇಲ್ಲೇ ಮೈ ಮರೆಯುತ್ತಾರೆ. ಹೆಣ್ಣು ಜಿರಳೆ 30ರಿಂದ 40 ಮೊಟ್ಟೆ ಇರುವ ಚೀಲವನ್ನು ಬೆನ್ನ ತುದಿಯಲ್ಲಿ ಹೊತ್ತುಕೊಂಡೇ ತಿರುಗುತ್ತದೆ, ಮರಿ ಹೊರಬರುವ ಹೊತ್ತಿಗೆ ಕೆಳಗೆ ಹಾಕುತ್ತದೆ. ಚೀಲ ಹೊತ್ತಿರುವಾಗ ಅದು ಊಟಕ್ಕೆ ಹೊರಗೆ ಬರುವುದೂ ಕಡಿಮೆ. ಚೀಲದೊಳಗಿನ ಮೊಟ್ಟೆಗೆ ಜೆಲ್ ಏನೂ ಮಾಡುವುದಿಲ್ಲ. ಎರಡು ಮೂರು ವಾರದ ಮೇಲೆ ಆ ಮರಿಗಳು ಹೊರಗೆ ಬಂದಾಗ ಅಲ್ಲಿ ತಾಜಾ ಹನಿ ಇರಲೇಬೇಕು. ಇಲ್ಲದಿದ್ದರೆ ಎರಡು ತಿಂಗಳಿಗೆ ಅವೇ ದೊಡ್ಡವಾಗಿ ಮತ್ತೆ ಮೊದಲಿನಿಂದ ಶುರು. ಆದ್ದರಿಂದ ಎರಡನೇ ಸುತ್ತು ಕಡ್ಡಾಯ, ಜಿರಳೆ ಕಾಣಿಸಲಿ ಬಿಡಲಿ. ಬೇಸಿಗೆಯಲ್ಲಿ ಬೆಂಗಳೂರು, ಕಲಬುರಗಿ ಕಡೆ ಹನಿ ಬೇಗ ಒಣಗಿ ಮೇಲೆ ಪೊರೆ ಕಟ್ಟುತ್ತದೆ, ಆಗ ಇನ್ನೂ ಬೇಗ ಬದಲಾಯಿಸಿ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಉಲ್ಟಾ, ತೇವಕ್ಕೆ ಬೂಸ್ಟು ಬರಬಹುದು. ಇರುವೆ ಕಾಟ ಇರುವ ಮನೆಯಲ್ಲಿ ಜಿರಳೆಗಿಂತ ಮೊದಲು ಇರುವೆ ಬಂದು ಹನಿ ಖಾಲಿ ಮಾಡುವುದೂ ಉಂಟು, ಜಾಗ ಸ್ವಲ್ಪ ಬದಲಿಸಿ ನೋಡಿ.

ಎರಡು ಸುತ್ತು ಸರಿಯಾಗಿ ಹಾಕಿದರೂ ಹನಿ ಹಾಗೇ ಉಳಿದು, ಜಿರಳೆ ಅದರ ಪಕ್ಕದಲ್ಲೇ ನಡೆದು ಹೋಗುತ್ತಿದ್ದರೆ ಬ್ರ್ಯಾಂಡ್ ಬದಲಾಯಿಸಿ, ಅದೂ ಬೇರೆ ವಿಷ ಇರುವ ಬ್ರ್ಯಾಂಡ್. ಗ್ಲೂಕೋಸ್ ಕಂಡರೆ ದೂರ ಸರಿಯುವ ಜರ್ಮನ್ ಜಿರಳೆಗಳ ಬಗ್ಗೆ 1993ರಲ್ಲೇ ಅಮೆರಿಕದ ವಿಜ್ಞಾನಿಗಳು ಬರೆದಿದ್ದರು. ಕಾರಣ ಗೊತ್ತಾಗಿದ್ದು 2013ರಲ್ಲಿ. ಕಹಿ ಗುರುತಿಸುವ ನರಗಳೇ ಆ ಜಿರಳೆಗಳಲ್ಲಿ ಗ್ಲೂಕೋಸಿಗೂ ಸ್ಪಂದಿಸುತ್ತಿದ್ದವು. ಸಿಹಿ ಜೆಲ್ ತಿಂದವು ಸತ್ತು, ಬೇಡ ಅಂದವು ಉಳಿದು ಮರಿ ಮಾಡಿದ್ದರ ಫಲ ಅದು. ವಿಷಕ್ಕೆ ಒಗ್ಗಿಕೊಳ್ಳುವುದಂತೂ ಇದ್ದೇ ಇದೆ. ನಾನು ಫಿಪ್ರೊನಿಲ್ ಟ್ಯೂಬು ಮುಗಿದ ಮೇಲೆ ಇಂಡಾಕ್ಸಾಕಾರ್ಬ್ ತರುತ್ತೇನೆ, ಅದು ಮುಗಿದರೆ ಮತ್ತೆ ಇನ್ನೊಂದು.

ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಲ್ಲಿ ಸ್ಪ್ರೇಗಿಂತ ಜೆಲ್ ವಾಸಿ. ಗಾಳಿಯಲ್ಲಿ ಹರಡುವುದಿಲ್ಲ, ಪಾತ್ರೆ ಎಲ್ಲ ಹೊರಗಿಟ್ಟು ಮನೆ ಬಿಟ್ಟು ಹೋಗುವ ರಗಳೆ ಇಲ್ಲ. ಹಾಗಂತ ಅದು ವಿಷವೇ, ಮರೆಯಬೇಡಿ. ಅಂಬೆಗಾಲಿಡುವ ಮಗುವಿನ ಕೈಗೆ ಸಿಗುವ ಎತ್ತರದಲ್ಲಿ, ಪಾತ್ರೆ ತಾಗುವ ಕಡೆ, ತರಕಾರಿ ಹೆಚ್ಚುವ ಕಟ್ಟೆ ಮೇಲೆ ಬೇಡವೇ ಬೇಡ. ಫಿಪ್ರೊನಿಲ್ ಮೀನಿಗೂ ಜೇನಿಗೂ ಬಹಳ ಅಪಾಯ, ಅಕ್ವೇರಿಯಂ ಪಕ್ಕ ಹಾಕಬೇಡಿ, ಖಾಲಿ ಟ್ಯೂಬು ಸಿಂಕಿನಲ್ಲಿ ತೊಳೆಯಬೇಡಿ. ಹಾಕಿದ ಮೇಲೆ ಕೈ ಸೋಪಿನಲ್ಲಿ ತೊಳೆಯಿರಿ. ಇನ್ನೊಂದು ವಿಷಯ, ಜಿರಳೆ ಸತ್ತ ಮೇಲೂ ಅದರ ಹಿಕ್ಕೆ, ಪೊರೆ ಕಪಾಟಿನಲ್ಲೇ ಉಳಿಯುತ್ತವೆ, ಆ ಧೂಳು ಆಸ್ತಮಾ ಇರುವವರಿಗೆ ತೊಂದರೆ ಕೊಡುತ್ತದೆ. ಕಾಟ ಪೂರ್ತಿ ನಿಂತ ಮೇಲೆ ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಒಣ ಪೊರಕೆಯಲ್ಲಿ ಗುಡಿಸಿದರೆ ಎಲ್ಲ ಮೇಲೇಳುತ್ತದೆ.

ಅಪಾರ್ಟ್‌ಮೆಂಟಿನಲ್ಲಿದ್ದರೆ ಮೇಲಿನ ಮನೆ, ಪಕ್ಕದ ಮನೆಯವರ ಹತ್ತಿರ ಮಾತಾಡಿ. ಒಂದೇ ಶಾಫ್ಟಿನ ಪೈಪು ಎಲ್ಲರ ಸಿಂಕಿಗೂ ಬರುತ್ತದೆ, ಪೈಪಿನ ಸುತ್ತಲಿನ ತೂತು ಯಾರೂ ಮುಚ್ಚಿರುವುದಿಲ್ಲ. ಸಂಕೋಚ ಬೇಡ. ಜಿರಳೆ ಇರುವುದು ಯಾರ ಮರ್ಯಾದೆ ಪ್ರಶ್ನೆಯೂ ಅಲ್ಲ. ಒಂದು ಟ್ಯೂಬು ಹಂಚಿಕೊಂಡು ಒಂದೇ ವಾರದಲ್ಲಿ ಎಲ್ಲ ಮನೆಗೂ ಹಾಕಿದರೆ ಆಗುವ ಲಾಭ, ಒಬ್ಬರೇ ವರ್ಷಪೂರ್ತಿ ಹಾಕಿದರೂ ಆಗುವುದಿಲ್ಲ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದಿದ್ದು ಟ್ಯೂಬಿನ ಜೊತೆ ಬರುವ ಸೂಚನೆಗೆ. ಅಷ್ಟು ಸಣ್ಣ ಅಕ್ಷರ, ಅದರಲ್ಲೂ ಕನ್ನಡ ಕಾಣಸಿಗುವುದು ಅಪರೂಪ. ಮನೆಯಲ್ಲಿ ಇದನ್ನು ಹಾಕುವವರು ಬಹಳಷ್ಟು ಸಲ ಅಮ್ಮಂದಿರು, ಅಜ್ಜಿಯರು, ಮನೆ ಕೆಲಸಕ್ಕೆ ಬರುವವರು. ಅವರಿಗೆ ಓದಲು ಬರುವ ಭಾಷೆಯಲ್ಲಿ, ಒಂದು ಚಿತ್ರದ ಜೊತೆ, ಎಲ್ಲಿ ಎಷ್ಟು ಹಾಕಬೇಕು ಅಂತ ಕೊಟ್ಟಿದ್ದರೆ ಅರ್ಧಕ್ಕರ್ಧ ದೂರುಗಳೇ ಇರುತ್ತಿರಲಿಲ್ಲ ಅಂತ ನನ್ನ ನಂಬಿಕೆ. ಉಳಿದ ಟ್ಯೂಬನ್ನು ಮೂತಿ ಒರೆಸಿ, ಗಟ್ಟಿಯಾಗಿ ಮುಚ್ಚಿ, ಮಕ್ಕಳ ಕೈಗೆ ಸಿಗದ ತಂಪು ಜಾಗದಲ್ಲಿಡಿ. ಸ್ಪ್ರೇ, ನುಸಿ ಗುಳಿಗೆ ಇರುವ ಡಬ್ಬದಲ್ಲಿ ಮಾತ್ರ ಇಡಬೇಡಿ, ಆ ವಾಸನೆ ಹಿಡಿದರೆ ಮುಂದಿನ ಸುತ್ತಿಗೆ ಜಿರಳೆ ಹತ್ತಿರ ಬರುವುದಿಲ್ಲ.